ಶಾಹೀನ್ ಮೇಡಂ ಬಲಸೀಟಿಗೆ ಬಂದದ್ದು

ಹೊಸದುರ್ಗದಲ್ಲಿ ಕಾರು ಓಡಿಸಲು ಬರುವವರಲ್ಲಿ ಅರ್ಧ ಜನಕ್ಕೆ ಕಲಿಸಿದವರು ಶಾಹೀನ್ ಮೇಡಂ. ಇದು ನನ್ನ ಲೆಕ್ಕವಲ್ಲ, ಅವರದೇ. ಸ್ವಲ್ಪ ಕಡಿಮೆ ಮಾಡಿಕೊಂಡರೂ ದೊಡ್ಡ ಸಂಖ್ಯೆಯೇ. ಹದಿನಾರು ವರ್ಷದಿಂದ ಅವರ ಜಾಗ ಹಳೇ ಆಲ್ಟೊದ ಎಡಸೀಟು. ಅಲ್ಲಿ ಅವರ ಕಾಲ ಕೆಳಗೆ ಇನ್ನೊಂದು ಜೊತೆ ಕ್ಲಚ್, ಬ್ರೇಕ್. ಎಮ್ಮೆ ಅಡ್ಡ ಬಂದರೆ ಬ್ರೇಕ್, ಶಿಷ್ಯ ಕಣ್ಣು ಮುಚ್ಚಿದರೆ ಬ್ರೇಕ್. ತಾವೇ ಓಡಿಸುವುದು ಪಾಠ ಮುಗಿಸಿ ಮನೆಗೆ ಹೋಗುವಾಗ ಮಾತ್ರ. ಒಂದೂವರೆ ಕಿಲೋಮೀಟರು, ಅದೂ ಮೂರನೇ ಗೇರ್ ದಾಟದೆ.

ಇಂಥವರ ಮುಂದೆ ಹಳೇ ಶಿಷ್ಯ ಪ್ರದೀಪ ಬಂದು ನಿಂತ. ಹಿರಿಯೂರಿನ ಕಡೆ ಗಾಳಿಯಂತ್ರದ ಗುಡ್ಡಕ್ಕೆ ಕಾರು ಹತ್ತಿಸುವ ಸ್ಪರ್ಧೆ ಇದೆಯಂತೆ. ಮೂರು ಕಿಲೋಮೀಟರು ಏರು, ಒಂದೊಂದೇ ಕಾರು ಬಿಡುತ್ತಾರೆ, ಗಡಿಯಾರವೇ ಎದುರಾಳಿ, ಮನೆಯ ಕಾರೇ ಸಾಕು. ತಾನೂ ಹೆಸರು ಕೊಟ್ಟಿದ್ದಾನಂತೆ.

“ಮೇಡಂ, ನೀವು ಬ್ರೇಕ್ ಒತ್ತೋದು ಎಲ್ರೂ ನೋಡ್ಯಾರೆ. ಓಡ್ಸೋದು ಯಾರೂ ನೋಡಿಲ್ಲ,” ಎಂದು ನಕ್ಕ.

ಮಾತು ನಾಟಿತು. ತಮಗೆ ನಿಜಕ್ಕೂ ಓಡಿಸಲು ಬರುತ್ತದೆಯೇ ಎಂಬುದು ನಲವತ್ತಮೂರರ ಶಾಹೀನರಿಗೇ ಗೊತ್ತಿರಲಿಲ್ಲ. ಗೊತ್ತಾಗಲೇಬೇಕಿತ್ತು. ಮರುದಿನವೇ ಹೆಸರು ಕೊಟ್ಟರು.

ಭಾನುವಾರ ಬೆಳಗ್ಗೆ ಗುಡ್ಡದ ಬುಡದಲ್ಲಿ, ಕಾರುಗಳನ್ನು ತಪಾಸಣೆ ಮಾಡುವ ಶಿವಕುಮಾರಪ್ಪ ಒಳಗೆ ಬಗ್ಗಿ ನೋಡಿ, “ಇದೇನ್ರಿ, ಎರಡು ಜೊತೆ ಪೆಡಲ್ ಅವೆ? ಎಡಗಡೇದು ಬಿಚ್ರಿ,” ಎಂದರು. ಪ್ರದೀಪನೇ ಸ್ಪ್ಯಾನರ್ ಹಿಡಿದು ಬಿಚ್ಚಿದ. ನೀರಿನ ಬಾಟಲಿ, ಕೊಡೆ, ಕೆಂಪು ಎಲ್ ಬೋರ್ಡ್ ಎಲ್ಲವೂ ಹೊರಗೆ ಬಂದವು. ಹತ್ತಲು ಎರಡು ಅವಕಾಶ. ಒಂದು ಸಲವಾದರೂ ಐದು ನಿಮಿಷದೊಳಗೆ ತುದಿ ಮುಟ್ಟದಿದ್ದರೆ ಫಲಿತಾಂಶದ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಮೊದಲ ಸಲ ಮೇಡಂ ಹದಿನಾಲ್ಕು ತಿರುವಿಗೂ ಹಾರ್ನ್ ಹೊಡೆದರು, ಇಂಡಿಕೇಟರ್ ಹಾಕಿದರು. ಸಣ್ಣ ಸೇತುವೆಯ ಬಳಿ, ಎದುರಿನಿಂದ ಲಾರಿ ಬಂದರೇನು ಗತಿ ಎಂದು ಪೂರ್ತಿ ನಿಲ್ಲಿಸಿ ಇಣುಕಿದರು. ಐದು ನಿಮಿಷ ಹನ್ನೊಂದು ಸೆಕೆಂಡು.

“ರಸ್ತೆ ಬಂದ್ ಮಾಡ್ಯಾರೆ ಮೇಡಂ. ಒಂದು ಕುರಿನೂ ಬರಲ್ಲ,” ಎಂದ ಪ್ರದೀಪ.

“ನನಗೆ ಗೊತ್ತೈತೆ. ಕಾಲಿಗೆ ಗೊತ್ತಾಗ್ಲಿಲ್ಲ ಕಣಪ್ಪ,” ಎಂದರು. ನಾಚಿಕೆಯಿಂದ ಮುಖ ಕೆಂಪಾಗಿತ್ತು.

ಎರಡನೇ ಸಲ ಬಿಸ್ಮಿಲ್ಲಾ ಎಂದು ಗೇರ್ ಹಾಕಿದರೂ ಕಾಲು ಬ್ರೇಕ್ ಬಿಡಲಿಲ್ಲ. ಆಗ, ಹೆದರಿದ ಶಿಷ್ಯರಿಗೆ ಹೇಳುವ ಮಾತನ್ನೇ ತಮಗೆ ಗಟ್ಟಿಯಾಗಿ ಹೇಳಿಕೊಂಡರು: “ಪಕ್ಕದಾಗೆ ನಾನಿದೀನಿ, ನೀನು ಓಡ್ಸಮ್ಮ.”

ಪಕ್ಕದ ಸೀಟು ಖಾಲಿಯಿತ್ತು. ಆದರೂ ಮಾತು ಕೆಲಸ ಮಾಡಿತು. ಬಾವುಟ ಬೀಸಿದ್ದೇ ತಡ, ಆಲ್ಟೊ ಕಿತ್ತುಕೊಂಡು ಹೊರಟಿತು. ತಿರುವಿನಲ್ಲಿ ಎರಡನೇ ಗೇರ್, ಮತ್ತೆ ಮೂರನೆಯದು. ಸೇತುವೆ ಬಂದದ್ದು ತಿಳಿಯುವಷ್ಟರಲ್ಲಿ ಹಿಂದೆ ಹೋಗಿತ್ತು. ಎಂಜಿನ್ ಅರಚುತ್ತಿತ್ತು; ಮೇಡಂ ಅದಕ್ಕಿಂತ ಜೋರಾಗಿ ನಗುತ್ತಿದ್ದರು. ಇಷ್ಟು ಖುಷಿಯನ್ನು ಇಷ್ಟು ವರ್ಷ ಪರರಿಗೇ ಹಂಚಿಬಿಟ್ಟೆನಲ್ಲ ಎನ್ನಿಸಿತು.

ನಾಲ್ಕು ನಿಮಿಷ ಆರು ಸೆಕೆಂಡು. ಅವರ ವಿಭಾಗದ ಎಂಟು ಕಾರುಗಳಲ್ಲಿ ಏಳನೆಯ ಸ್ಥಾನ. ಎಂಟನೆಯವನು ಪ್ರದೀಪ.

“ಹಂಗಾದ್ರೆ ನನಗೆ ಅರ್ಧ ಪಾಠನೇ ಕಲ್ಸಿದ್ರಾ ಮೇಡಂ?” ಎಂದ ಅವನು, ಪಟ್ಟಿಯನ್ನೇ ನೋಡುತ್ತಾ.

“ನಾಳೆ ಏಳಕ್ಕೆ ಬಾ,” ಎಂದರು ಶಾಹೀನ್, ಹೆಲ್ಮೆಟ್ ಬಿಚ್ಚುತ್ತಾ. “ಉಳಿದ ಅರ್ಧ ನಾನೂ ಇವತ್ತೇ ಕಲ್ತಿದ್ದು.”