ಹತ್ತಿಯ ತಕ್ಕಡಿ

ರಾಮದುರ್ಗದ ಆಚೆ ಮಲಪ್ರಭೆಯ ದಂಡೆಗೆ ಒಂದು ನಿಸರ್ಗ ಚಿಕಿತ್ಸೆಯ ಆಶ್ರಮವಿತ್ತು. ಮೈಗೆ ಮಣ್ಣು ಹಚ್ಚಿ ಬಿಸಿಲಿಗೆ ಕೂಡಿಸುವುದು, ಹೊಳೆಯ ಸ್ನಾನ, ಎರಡು ಹೊತ್ತು ನಡಿಗೆ, ಊಟಕ್ಕೆ ಮಜ್ಜಿಗೆ ಮತ್ತು ಬೇಯಿಸಿದ ಕಾಯಿಪಲ್ಲೆ. ನನ್ನ ತಂದೆಯ ಅಕ್ಕ ಅಲ್ಲಿಗೆ ಹೋಗಬೇಕೆಂದು ಸ್ವಾತಂತ್ರ್ಯ ಬಂದ ವರ್ಷದಿಂದ ಹೇಳುತ್ತಿದ್ದಳು. ಹೊರಟದ್ದು ನನಗೆ ಮೀಸೆ ಬಂದ ಮೇಲೆ.

ಅತ್ತೆ ಬಾಲವಿಧವೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಒಲೆ ಅವಳದು. ಅವಳ ಮಡಿ ಅಡಿಗೆಯನ್ನು ಬಿಟ್ಟು ಬೇರೆಯವರ ಕೈಯದನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅತ್ತೆಗೆ ಮೈ ಬಂದು, ಮೊಣಕಾಲು ಬಾತು, ಒಲೆಯ ಮುಂದಿನಿಂದ ಏಳಬೇಕಾದರೆ ಎರಡೂ ಕೈ ನೆಲಕ್ಕೆ ಊರಬೇಕಾಗುತ್ತಿತ್ತು. ತೂಕ ಇಳಿಯದಿದ್ದರೆ ಮುಂದೆ ನಡಿಗೆಯೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಪ್ರತಿ ವರ್ಷ ಒಂದು ಅಡ್ಡಿ. ಶ್ರಾದ್ಧ, ಯಾರದೋ ಬಾಣಂತನ, ಇಲ್ಲವೆ ಉಪ್ಪಿನಕಾಯಿಯ ಕಾಲ.

"ನೀ ಹ್ವಾದ್ರ ನಾ ಉಪಾಸ ಸಾಯಬೇಕೇನ?" ಎಂದು ಅಜ್ಜಿ ಕೇಳುತ್ತಿದ್ದಳು.

"ಸಾಯೂದಿಲ್ಲ. ಆಶ್ರಮದಾಗ ಉಪಾಸಾನೇ ಔಷಧ ಅಂತ," ಎಂದು ಅತ್ತೆ ರೊಟ್ಟಿ ಬಡಿಯುತ್ತಿದ್ದಳು.

ಕೊನೆಗೆ ತಂದೆ ಒಪ್ಪಿದರು. ಬರುವವರು ತಮ್ಮ ತೂಕ ಮಾಡಿಸಿಕೊಂಡು ಬರಬೇಕೆಂಬುದು ಆಶ್ರಮದ ನಿಯಮ. ಮನುಷ್ಯರನ್ನು ತೂಗುವ ಕಾಟಾ ಊರಲ್ಲಿರಲಿಲ್ಲ. ಇದ್ದದ್ದು ಪೇಟೆಯ ಹತ್ತಿಯ ತಕ್ಕಡಿ. ತಂದೆ ಅಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರು. ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಪೇಟೆಧಾರಣೆ ಬರೆದು ಕಳಿಸುತ್ತಿದ್ದೆ. ಹಾಗಾಗಿ ಅಂದು ನಡೆದದ್ದೆಲ್ಲ ನನ್ನ ಕಣ್ಣೆದುರಿಗೆ ನಡೆಯಿತು.

ನಮ್ಮ ಪೇಟೆಯಲ್ಲಿ ಆಗ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ರುಮಾಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಿದ್ದರು. ಬೆರಳಿಗೊಂದು ಲೆಕ್ಕ. ಮುಷ್ಟಿ ಕಟ್ಟಿದರೆ, ಪೇಟೆಯ ಮಾತಿನಲ್ಲಿ ಮುಟಗಿ, ಮಾಲು ಮಾರುವುದಿಲ್ಲ ಎಂದು ಅರ್ಥ.

ಬಸ್ಸಿಗೆ ಹೊರಟ ಅತ್ತೆ ಗಂಟು ಹಿಡಿದು, ಕೋಲೂರಿಕೊಂಡು ಪೇಟೆಗೆ ಬಂದಳು. ಸಂತೆಯ ದಿನ. ಹಮಾಲರು ಚೀಲ ಇಳಿಸಿ ತಕ್ಕಡಿಯ ಹಲಗೆ ಖಾಲಿ ಮಾಡಿದರು. ಬೋಳುತಲೆಯ ಮೇಲೆ ಕೆಂಪು ಸೆರಗು ಬಿಗಿಮಾಡಿ ಅತ್ತೆ ಹಲಗೆಯ ಮೇಲೆ ಕುಳಿತಳು. ತೂಗುವವನು ಹತ್ತಿ ತೂಗಿದಂತೆಯೇ ರಾಗವಾಗಿ ಕೂಗಿದ. ಒಂದು ಎನ್ನಬಾರದು, ಲಾಭ ಎನ್ನಬೇಕು.

"ಲಾಭಾ! ಎರಡಾ! ಎರಡೂವರಿ ಮಣಾ!"

ಈಗಿನ ಲೆಕ್ಕದಲ್ಲಿ ತೊಂಬತ್ತು ಕಿಲೋದ ಮೇಲೆ. ಗಾಡಿಗಳ ಕೆಳಗೆ ಮಲಗಿದ್ದವರೂ ಎದ್ದು ಬಂದರು.

"ಬಾರದಾನ ಎಷ್ಟ ಮುರಿಯೂಣ್ರಿ?" ಎಂದು ಒಬ್ಬ ಹಮಾಲ ಅವಳ ಸೀರೆ ತೋರಿಸಿದ. ಚೀಲದ ತೂಕವನ್ನು ಕಳೆಯುವ ಮಾತು ಅದು.

"ಮಾಲ ತಂಪ ಹಿಡದೈತೋ, ಬಿಸಲಿಗೆ ಹಾಕ್ರಿ."

"ಕಾಳ ಇಲ್ಲದ ಅರಳಿ ಐತ್ರಿ, ದರಾ ಏರತೈತಿ!" ಬೀಜ ತೆಗೆದ ಹತ್ತಿಯ ಹೆಸರಿನಲ್ಲಿ ಮಕ್ಕಳಿಲ್ಲದವಳಿಗೆ ಕುಟುಕು ಅದು.

ಅತ್ತೆ ನಕ್ಕಳು. "ಇಳೀಲಿಕ್ಕೇ ಹೊಂಟೇನಿ, ಏರಸಬ್ಯಾಡ್ರಪಾ," ಎಂದಳು. ಅಲ್ಲಿಯವರೆಗೆ ಎಲ್ಲವನ್ನೂ ತಡೆದುಕೊಂಡಿದ್ದಳು.

ಆಗ ಒಬ್ಬ ವ್ಯಾಪಾರಿ ರುಮಾಲು ಹರವಿ ತಂದೆಯ ಮುಂದೆ ಕೈ ಚಾಚಿದ. "ತೂಕಾತು. ದರಾ ಹೇಳ್ರಿ, ರಾಯರ."

ಜನ ಒತ್ತಿಕೊಂಡು ಹತ್ತಿರ ಬಂದರು. ತಂದೆ ಒಮ್ಮೆ ಅಕ್ಕನ ಕಡೆ ನೋಡಿದರು. ನಕ್ಕು ರುಮಾಲಿನ ಕೆಳಗೆ ಕೈ ಹಾಕಿದರು.

"ಮುಟಗಿ!" ಎಂದು ವ್ಯಾಪಾರಿ ಕೂಗಿದ. "ಕೊಡಾಂಗಿಲ್ಲಂತ! ಪುಕ್ಕಟ ಅಡಿಗಿ ಮಾಡಾಕಿ ಮತ್ತೆಲ್ಲಿ ಸಿಗಬೇಕ್ರಿ?"

ಆಮೇಲಿನ ನಗೆಗೆ ಎತ್ತುಗಳು ತಲೆ ಎತ್ತಿದವು. ಅತ್ತೆ ತಾನೇ ಹಲಗೆಯಿಂದ ಇಳಿಯಲು ಹೋಗಿ ಮೊಣಕಾಲ ಮೇಲೆ ಬಿದ್ದಳು. ತಂದೆ ಹಿಡಿಯಲು ಹೋದಾಗ ಅವರ ಕೈ ನೂಕಿದಳು. ತೂಕದ ಚೀಟಿ ಇಸಿದುಕೊಂಡು ಯರಗಟ್ಟಿಯ ಬಸ್ಸು ಹತ್ತಿದಳು. ಅಲ್ಲಿ ಬಸ್ಸು ಬದಲಿಸಬೇಕು. ಆಶ್ರಮದವರೆಗೂ ನಾನು ಜೊತೆಗೆ ಹೋದೆ.

ತಿಂಗಳು ತುಂಬಿರಲಿಲ್ಲ. ಅಜ್ಜಿ ನನ್ನ ತಾಯಿ ಬಡಿಸಿದ ತಾಟನ್ನು ಎರಡು ಸಲ ಅಂಗಳಕ್ಕೆ ಎಸೆದಳು. ತಂದೆ ನನ್ನನ್ನು ಕರೆದುಕೊಂಡು ರಾಮದುರ್ಗಕ್ಕೆ ಹೊರಟರು.

ಅತ್ತೆ ಹೊಳೆಯ ಉಸುಕಿನಲ್ಲಿ ನಡೆಯುತ್ತಿದ್ದಳು. ಕೋಲು ಇರಲಿಲ್ಲ. ಮುಖ ಇಳಿದಿತ್ತು, ಮೈಗೆ ಒಣಗಿದ ಮಣ್ಣು ಮೆತ್ತಿತ್ತು.

"ಅರ್ಧಾ ಚಿಕಿತ್ಸಾ ಆಗೇದ್ರಿ," ಎಂದರು ಆಶ್ರಮದ ವ್ಯವಸ್ಥಾಪಕರು. "ಇನ್ನೊಂದ ತಿಂಗಳ ಬಿಡ್ರಿ, ಗುಡ್ಡಾ ಏರತಾರ."

"ಅವ್ವ ಉಣವಲ್ಲಳು. ನಡಿ ಅಕ್ಕಾ, ಬಸ್ಸ ಹೋಗತದ," ಎಂದರು ತಂದೆ.

ಅತ್ತೆ ತನ್ನ ಬಲಗೈ ಮೇಲೆ ಸೆರಗು ಹೊದಿಸಿ ಅವರ ಮುಂದೆ ಚಾಚಿದಳು. ತಂದೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೆರಗಿನ ಕೆಳಗೆ ಕೈ ಹಾಕಿದರು. ಕೈ ಸುಟ್ಟವರಂತೆ ಹಿಂದಕ್ಕೆ ತೆಗೆದರು.

"ಮುಟಗಿ," ಎಂದಳು ಅತ್ತೆ. "ಹೋಗು."

ತಂದೆಯ ಮುಖ ಕಪ್ಪಿಟ್ಟಿತು. ವ್ಯವಸ್ಥಾಪಕರ ಕಡೆ ತಿರುಗಿ, ಅವಳಿಗೂ ಕೇಳಿಸುವಂತೆ, "ಇನ್ನ ಈಕಿ ಖರ್ಚು ನಮ್ಮನ್ನ ಕೇಳಬ್ಯಾಡ್ರಿ. ನಮಗೂ ಈಕಿಗೂ ಸಂಬಂಧಿಲ್ಲ," ಎಂದರು.

ವ್ಯವಸ್ಥಾಪಕರು ಒಳ್ಳೆಯ ಮನುಷ್ಯರು, ದನಿ ಏರಿಸಲಿಲ್ಲ. "ಹಂಗಾರ ಚಿಕಿತ್ಸಾ ಇಲ್ಲಿಗೇ ನಿಲ್ಲಸಬೇಕಾಗತದ. ಬ್ಯಾರೆ ಕಡೆ ಹೋಗೂದಿಲ್ಲಂದ್ರ ನಮ್ಮ ಅಡಿಗಿ ಮನ್ಯಾಗ ಇರಲಿ. ಕಾಯಿಪಲ್ಲೆ ಬೇಯಸವರು ನಮಗೂ ಬೇಕು."

ಅತ್ತೆ ಹೊಳೆಗಿಳಿದು ಮೈಯ ಮಣ್ಣು ತೊಳೆದುಕೊಂಡಳು. ಮೇಲೆ ಬಂದು, ಹಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಲಿ ಎತ್ತ ಅದರೀ?" ಎಂದು ವ್ಯವಸ್ಥಾಪಕರನ್ನೇ ಕೇಳಿದಳು.