ಪಂಚಮಿಯ ಉಂಡಿ ತಂದವನು

ಮಹಾದೇವಿಯ ವಿಳಾಸ ಹೇಳಿಕೊಟ್ಟವಳು ನಾನು. ಕಂಪ್ಯೂಟರ್ ಅಲ್ಲ, ನಿಮ್ಮ ಅವ್ವ ಅಲ್ಲ—ನಾನು, ನಿಮ್ಮ ಅಜ್ಜಿ. ಇಷ್ಟು ಬರೆಯುವುದರಲ್ಲೇ ಎರಡು ಸಲ ಬಾಗಿಲ ಕಡೆ ನೋಡಿದೆ.

ಮಕ್ಕಳೇ, ನೀವು ಆಗ ಚಿಕ್ಕವರು. ನೆಹರು ಗಂಜ್‌ನಲ್ಲಿ ಬೇಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಿಮ್ಮ ಅವ್ವ ಜಾಲತಾಣಗಳಿಗೆ ಹೆಸರು ನೋಂದಾಯಿಸಿಕೊಡುತ್ತಿದ್ದಳು. ಹೆಸರು ಪಡೆಯುವವರು ಮನೆಯ ವಿಳಾಸ, ಫೋನ್ ನಂಬರು ಬರೆದುಕೊಡಬೇಕು; ಅವು ಹೊರಗಿನವರಿಗೆ ಕಾಣದಂತೆ ಮುಚ್ಚಿಡುವುದೂ ಅವಳದೇ ಕೆಲಸ. ನನಗೆ ಕಂಪ್ಯೂಟರ್ ಬರದು. ಊರ ಶಾಲೆಯಲ್ಲಿ ಕಲಿತ ಅಕ್ಷರದ ಬಲದಿಂದ ಅರ್ಜಿಗಳನ್ನು ಫೈಲಿನಲ್ಲಿ ಜೋಡಿಸುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ನನ್ನನ್ನು ಮನುಷ್ಯಳನ್ನಾಗಿ ಇಟ್ಟದ್ದು ಆ ಕೆಲಸ.

ಮಹಾದೇವಿ ಗಂಡನ ಹೊಡೆತ ತಾಳಲಾರದೆ ಓಡಿಬಂದು, ಕಮಲಾಪುರದಲ್ಲಿ ಕೌದಿ ಹೊಲಿದು ಮಾರುತ್ತಿದ್ದಳು. ಕೌದಿ ಮಾರಲು ಜಾಲತಾಣ ಬೇಕೆಂದು ಅರ್ಜಿ ಕೊಡುವಾಗ, "ನಾ ಎಲ್ಲಿದ್ದೇನಿ ಅಂತ ಯಾರಿಗೂ ತಿಳೀಬಾರ್ದ್ರಿ ಅಕ್ಕಾರ" ಅಂದಳು.

ನಿಮ್ಮ ಅವ್ವ ನಕ್ಕಳು. "ಹೆದರಬ್ಯಾಡ. ಈ ಫೈಲೂ ಬಾಯಿ ಬಿಡಂಗಿಲ್ಲ, ನಮ್ಮ ಅತ್ತೀನೂ ಬಿಡಂಗಿಲ್ಲ. ಊಟ ಬೇಕಾದ್ರೂ ಕೇಳದಾಕಿ ಈಕಿ."

ನಾಗರ ಪಂಚಮಿಗೆ ಎರಡು ದಿನ ಇತ್ತು. ನಿಮ್ಮ ಅವ್ವ ಬ್ಯಾಂಕಿಗೆ ಹೋಗಿದ್ದಳು. ಒಬ್ಬ ಗಂಡಸು ಬಂದ—ಕೈಯಲ್ಲಿ ಹಸಿರು ಸೀರೆ, ಹಬ್ಬದ ಸಿಹಿ ಉಂಡಿಯ ಡಬ್ಬಿ.

"ಯವ್ವಾ, ಮಹಾದೇವಿ ನನ್ನ ತಂಗೀರಿ. ಕಂಪ್ಯೂಟರ್‌ನಾಗ ಆಕಿ ಕೌದಿ ಮಾರೋ ಪುಟದ ಕೆಳಗ ನಿಮ್ಮ ಅಂಗಡಿ ಹೆಸರಿತ್ತು. ಹಬ್ಬಕ್ಕ ಕರಕೊಂಡು ಹೋಗಾಕ ಬಂದೀನಿ. ಖಾಲಿ ಹೊಳ್ಳಿ ಹೋದ್ರ ನಮ್ಮವ್ವ ಉಣ್ಣಂಗಿಲ್ರಿ."

ಪಂಚಮಿಗೆ ತವರಿಗೆ ಕರೆಯಲು ಬಂದ ಅಣ್ಣನನ್ನು ಬಾಗಿಲಿಂದ ತಿರುಗಿಸಿ ಕಳಿಸುವುದೇ? ಯಾರಿಗೂ ಅಂದರೆ—ಅಣ್ಣನಿಗೂ ಅಂತಲೇ? ಫೈಲು ತೆಗೆದು ಓದಿ ಹೇಳಿದೆ. ಸಂತೆ ಬಯಲಿನ ಹಿಂದೆ, ಹಿಟ್ಟಿನ ಗಿರಣಿಗೆ ಹತ್ತಿದ ಕೋಣೆ. ಅವನು ನನಗೂ ಒಂದು ಉಂಡಿ ಕೊಟ್ಟ. ಬಾಯಿಗೆ ಹಾಕಿಕೊಂಡೆ. ಮೆಟ್ಟಿಲ ಬಳಿ ನಿಂತು ಅವನು ಕೇಳಿದ—

"ಆ ಕೋಣಿಗೆ ಹಿಂದ ಬಾಗಿಲ ಐತೇನ್ರಿ?"

ಕರೆಯಲು ಬಂದವನಿಗೆ ಹಿಂದಿನ ಬಾಗಿಲು ಯಾಕೆ? ಅವನು ಉತ್ತರಕ್ಕೆ ಕಾಯದೆ ಇಳಿದುಹೋದ.

ಈಗ ಹೇಳುವುದೇ ನನ್ನ ನಿಜವಾದ ತಪ್ಪು. ಅವಳ ಫೋನ್ ನಂಬರು ಅದೇ ಹಾಳೆಯಲ್ಲಿತ್ತು. ಅಂಗಡಿಯ ಫೋನ್ ಕೈಯಳತೆಯಲ್ಲಿತ್ತು. ಅವನ ಬಸ್ಸು ಕಮಲಾಪುರ ಮುಟ್ಟುವವರೆಗೂ ಸಮಯವಿತ್ತು. ಫೋನ್ ಮಾಡಿದರೆ ನಾನು ಹೇಳಿದ್ದು ಹೊರಬೀಳುತ್ತದೆ, ನಿಮ್ಮ ಅವ್ವ ನನ್ನನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಾಳೆ ಎಂಬ ಭಯ... ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ.

ನಿಮ್ಮ ಅವ್ವ ಬಂದು ಕೇಳಿದಳು: "ಯಾರರ ಬಂದಿದ್ರೇನ್ರಿ ಅತ್ತಿ?"

"ಯಾರೂ ಬಂದಿಲ್ಲ" ಅಂದೆ.

ಹಬ್ಬದ ಮರುದಿನ ದವಾಖಾನೆಗೆ ಎಂದು ಸುಳ್ಳು ಹೇಳಿ ಕಮಲಾಪುರಕ್ಕೆ ಹೋದೆ. ಕೋಣೆಗೆ ಬೀಗ. ಕಟ್ಟೆಯ ಮೇಲೆ ಅರ್ಧ ಹೊಲಿದ ಕೌದಿ, ಅದರಲ್ಲಿ ಚುಚ್ಚಿದ ಸೂಜಿ ಹಾಗೇ ಇತ್ತು. ಗಿರಣಿಯವಳು ಹೇಳಿದಳು: "ಅಣ್ಣ, ಗಂಡ ಕೂಡೇ ಬಂದು ಎಳಕೊಂಡು ಹೋದ್ರವ್ವ. ಆ ಅಣ್ಣನೇ ಮೊದಲೂ ಎರಡು ಸಲ ಗಂಡನ ಮನಿಗೆ ಒಯ್ದು ಬಿಟ್ಟಿದ್ದನಂತ. ಯಾವ ಪುಣ್ಯಾತ್ಮರು ವಿಳಾಸ ಕೊಟ್ರೋ."

ನಾನು ತಲೆ ತಗ್ಗಿಸಿ ಬಸ್ ಹತ್ತಿದೆ.

ಮಹಾದೇವಿಯ ಫೋನ್ ಮತ್ತೆ ಹತ್ತಲೇ ಇಲ್ಲ. ಕಮಲಾಪುರದವರಿಂದ ಸುದ್ದಿ ತಿಳಿದ ನಿಮ್ಮ ಅವ್ವ, ವಿಳಾಸ ಮುಚ್ಚುವುದನ್ನು ತಾನೇ ಎಲ್ಲೋ ಮರೆತಿದ್ದೇನೆ ಎಂದುಕೊಂಡಳು. ಕಂಪ್ಯೂಟರಿನ ಮುಂದೆ ಕೂತು ಮತ್ತೆ ಮತ್ತೆ ನೋಡಿದಳು. ಎಲ್ಲ ಸರಿಯಾಗಿಯೇ ಕಂಡಿತು. ಆದರೂ ತನ್ನನ್ನು ನಂಬಲಿಲ್ಲ. ಅಂಗಡಿ ಮುಚ್ಚಿದಳು. ಇವತ್ತಿಗೂ ಪಂಚಮಿ ಬಂದರೆ ಮಹಾದೇವಿಯ ನೆನಪಿನಲ್ಲಿ ಅವಳು ಉಂಡಿ ಮುಟ್ಟುವುದಿಲ್ಲ. ನಾನು ಎದುರಿಗೇ ಕೂತು ನೋಡುತ್ತೇನೆ.

ಫೈಲಿನಿಂದ ತೆಗೆದಿಟ್ಟ ಆ ಅರ್ಜಿ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಖಾಯಂ ವಿಳಾಸವೆಂದು ಮಹಾದೇವಿಯ ಗಂಡನ ಊರೂ ಇದೆ. ಹುಡುಕಲು ಅಷ್ಟಾದರೂ ಸಾಕಿತ್ತು. ಅದನ್ನೂ ಇಷ್ಟು ವರ್ಷ ಮುಚ್ಚಿಟ್ಟೆ. ನೀವು ಇದನ್ನು ಓದುವ ಮೊದಲು ನಿಮ್ಮ ಅವ್ವ ಓದಬೇಕು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸಪ್ಪಳ ನಿಂತ ಕೂಡಲೇ ಅರ್ಜಿ, ಈ ಹಾಳೆ ಎರಡನ್ನೂ ಅವಳ ಕೈಗೆ ಕೊಡುತ್ತೇನೆ. ಅಕ್ಷರಗಳು ಸೊಟ್ಟಗಾಗಿವೆ—

ಸಪ್ಪಳ ನಿಂತಿತು.