ಹೆಜ್ಜೆ ಎಣಿಸಿ ಕಟ್ಟಿದ ದೋಣಿ

ನಮ್ಮ ಕಾಕಾ ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯ ಒಂದು ಗಸ್ತು ದೋಣಿಯ ಮೇಲೆ ಅಡುಗೆಯವರಾಗಿದ್ದರು. ಇದು ನಿಜ. ನಿಜ ಎಂದು ಒತ್ತಿ ಬರೆಯಬೇಕಾಗಿ ಬಂದದ್ದಕ್ಕೇ ನನಗೆ ಸಿಟ್ಟು. ಅವರು ಮಾನ್ವಿ ತಾಲ್ಲೂಕಿನ ಮಲ್ಲಟಕ್ಕೆ ವಾಪಸು ಬಂದು ಏಳು ವರ್ಷವಾದರೂ ಊರಲ್ಲಿ ಒಬ್ಬರೂ ಅದನ್ನು ನಂಬಿರಲಿಲ್ಲ. ನೌಕರಿ ಬಿಟ್ಟ ಕಾಗದ ಅವರ ಹತ್ತಿರ ಇತ್ತು. ಅದನ್ನು ನೋಡಿದವರು ನೌಕಾಪಡೆಯಲ್ಲಿ ಇದ್ದದ್ದು ಹೌದು ಎಂದು ಒಪ್ಪುತ್ತಿದ್ದರು. ಸಮುದ್ರದ ಮೇಲೆ ಹೋದದ್ದು ಮಾತ್ರ ಸುಳ್ಳು ಎನ್ನುತ್ತಿದ್ದರು. ಅಡುಗೆಯವನನ್ನು ಯಾರಾದರೂ ಯುದ್ಧಕ್ಕೆ ಕರೆದುಕೊಂಡು ಹೋಗುತ್ತಾರೆಯೇ ಎಂಬುದು ಅವರ ವಾದ. ದೋಣಿಯ ಮೇಲಿನವರು ಉಪವಾಸ ಕಾದಾಡುತ್ತಾರೇನೋ!

ಎಲ್ಲರಿಗಿಂತ ಹೆಚ್ಚು ಆಡಿಕೊಳ್ಳುತ್ತಿದ್ದವರು ಕಾಕಾರ ಹೆಂಡತಿ, ನಮ್ಮ ಕಾಕುವಿನ ಅಣ್ಣ. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅವರನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ತಂಗಿಯ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ಶುರು ಮಾಡುತ್ತಿದ್ದರು.

"ಏನ್ರೀ ಕ್ಯಾಪ್ಟನ್ ಸಾಹೇಬ್ರ, ಇವತ್ತ ಹಡಗ ಯಾವ ಕಡಿಗಿ ಹೊಂಟದ?"

ಕಾಕಾ ನಕ್ಕು ಚಾಪೆ ಹಾಸುತ್ತಿದ್ದರು. ಮಾವ ಕುಳಿತು ನನ್ನ ಕಡೆ ತಿರುಗುತ್ತಿದ್ದರು. "ಸಮುದ್ರದ ದಂಡಿ ಮ್ಯಾಲ ಕುಂತು ಉಪ್ಪಿಟ್ಟ ತಿರುವ್ಯಾರ. ಇಲ್ಲಿ ಬಂದು ತೋಪಿನ ಸುದ್ದಿ ಹೇಳ್ತಾರ. ನೀ ಬರಕೊಳ್ಳೋ, ನಿನಗ ಬರ್ಯೂ ಚಟ ಅದಲ್ಲ."

ನಾನು ದಿನಚರಿಯಲ್ಲಿ ಬರೆದುಕೊಂಡೆ. ೪ ಫೆಬ್ರವರಿ ೧೯೭೯, ಭಾನುವಾರ: "ಮಾವ ಇವತ್ತು ಮೂರು ಸಲ ನಕ್ಕರು. ದೋಣಿಯನ್ನು ಕಟ್ಟಿ ತೋರಿಸುವುದು." ಆಗ ನನಗೆ ಇಪ್ಪತ್ತು ವರ್ಷ. ದೇವದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಚಿಕ್ಕಂದಿನಿಂದ ರಟ್ಟಿನಲ್ಲಿ ಬಸ್ಸು, ಟ್ರಾಕ್ಟರು ಮಾಡಿ ಕೈ ಪಳಗಿತ್ತು. ಆದರೆ ಈ ದೋಣಿಯ ಒಂದು ಫೋಟೊ ಇರಲಿಲ್ಲ, ನಕ್ಷೆ ಇರಲಿಲ್ಲ. ನಾನು ಸಮುದ್ರವನ್ನೂ ನೋಡಿರಲಿಲ್ಲ. ಇದ್ದದ್ದು ಕಾಕಾರ ನೆನಪು ಒಂದೇ. ಅದೂ ಹೆಜ್ಜೆಯ ಲೆಕ್ಕದ ನೆನಪು.

"ಎರಡೂ ಕೈಯಾಗ ಚಹಾದ ಮಗ್ಗು ಇರ್ತಿದ್ವು. ಲೈಟ್ ಎಲ್ಲಾ ಬಂದ್," ಎಂದು ಕಾಕಾ ವಿವರಿಸಿದರು. "ಹೆಜ್ಜಿ ಎಣಿಸಲಿಲ್ಲಂದ್ರ ಸೀದಾ ನೀರಾಗ. ಅಡಿಗಿ ಕೋಣಿಯಿಂದ ತೋಪಿನ ತನಕ ಹದಿನಾಲ್ಕು. ಚುಕ್ಕಾಣಿ ಹಿಡಿಯಾಂವನ ತನಕ ಐದು, ಆಮ್ಯಾಲ ಏಣಿ. ಮೂತಿಯಿಂದ ಬಾಲದ ತನಕ ಮೂವತ್ತೈದು."

ನಾನು ಒಂದು ಪದ್ಧತಿ ಮಾಡಿಕೊಂಡೆ. ಯಾವುದೇ ಅಳತೆಯನ್ನು ಮೂರು ಬೇರೆ ಬೇರೆ ಭಾನುವಾರ ಕೇಳುವುದು. ಹಿಂದಿನ ಉತ್ತರವನ್ನು ಅವರಿಗೆ ಹೇಳದಿರುವುದು. ಮೂರೂ ಸಲ ಒಂದೇ ಉತ್ತರ ಬಂದರೆ ಮಾತ್ರ ಕೆಂಪು ಶಾಯಿಯಲ್ಲಿ ದಿನಚರಿಗೆ ಏರಿಸುವುದು. ಹೀಗೆ ಅರವತ್ತೊಂದು ಅಳತೆಗಳನ್ನು ಏರಿಸಿದೆ. ಅಂದರೆ ನೂರಾ ಎಂಬತ್ತಮೂರು ಪ್ರಶ್ನೆ. ಕಾಕಾ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರನ್ನು ಆ ದೋಣಿಯ ಬಗ್ಗೆ ನಗದೆ ಕೇಳಿದವನು ನಾನೊಬ್ಬನೇ ಇರಬೇಕು.

ಅವರ ಹೆಜ್ಜೆಯ ಉದ್ದ ತಿಳಿಯಲು ಅಂಗಳದಲ್ಲಿ ನಡೆಸಿ ಟೇಪು ಹಿಡಿದೆ. ಹತ್ತು ಸಲ ನಡೆಸಿ ಸರಾಸರಿ ತೆಗೆದೆ. ಹತ್ತೊಂಬತ್ತು ಇಂಚು. ದೋಣಿಯ ಒಂದು ಅಡಿಗೆ ನನ್ನ ಮಾದರಿಯಲ್ಲಿ ಕಾಲು ಇಂಚು. ಹಣ್ಣಿನ ಪೆಟ್ಟಿಗೆಯ ಹಲಗೆಯಲ್ಲಿ ಬೆನ್ನೆಲುಬು, ಪಕ್ಕೆಲುಬು ಕೊಯ್ದೆ. ಮೈಗೆ ಹಳೆಯ ಮದುವೆ ಪತ್ರಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದೆ. ಒಟ್ಟು ಮೂವತ್ತೇಳು ಪತ್ರಿಕೆ. ಒಳ್ಳೆ ದಪ್ಪ ಕಾಗದ, ಚೆನ್ನಾಗಿ ಬಾಗುತ್ತದೆ. ಜೂನ್ ಹೊತ್ತಿಗೆ ದೋಣಿಯ ಮೈ ತಯಾರಾಯಿತು. ಹದಿನಾಲ್ಕು ಇಂಚಿಗೆ ಕೂದಲೆಳೆಯಷ್ಟು ಕಡಿಮೆ ಉದ್ದ.

ಜೂನ್ ೧೭ರಂದು ಅದನ್ನು ಮಲ್ಲಟಕ್ಕೆ ಒಯ್ದು ಒಳಗೆ ಮಂಚಗಳನ್ನು ಜೋಡಿಸಲು ಕೂತೆ. ಮಲಗುವ ಕೋಣೆ ಒಂಬತ್ತು ಹೆಜ್ಜೆ. ಗೋಡೆಗುಂಟ ತಲೆಗೆ ಕಾಲು ಕೂಡಿಸಿ ಮೂರು ಮಂಚ, ಒಂದೊಂದು ಆರು ಅಡಿ, ನಡುವೆ ಸಂದಿಲ್ಲ. ಎರಡು ಮಂಚ ಕೂತವು. ಮೂರನೆಯದು ಅರ್ಧಕ್ಕಿಂತ ಹೆಚ್ಚು ಗೋಡೆ ದಾಟಿ ಹೊರಗೆ ಬಂತು. ಲೆಕ್ಕ ಮತ್ತೆ ಮಾಡಿದೆ. ಮೂರು ಮಂಚಕ್ಕೆ ಹದಿನೆಂಟು ಅಡಿ ಬೇಕು, ನನ್ನ ಕೋಣೆ ಹದಿನಾಲ್ಕು ಅಡಿ ಮೂರು ಇಂಚು ಇತ್ತು. ಕಾಕಾ ಎಲ್ಲೋ ತಪ್ಪು ಹೇಳಿದ್ದಾರೆ ಎಂದುಕೊಂಡೆ. ಒಂದು ಕ್ಷಣ, ನಾಚಿಕೆಯಿಂದ ಹೇಳುತ್ತೇನೆ, ಮಾವ ಹೇಳುವುದೇ ಸರಿ ಇರಬಹುದೇ ಎಂದೂ ಅನ್ನಿಸಿತು.

ಕಾಕು ಒಳಗಿನಿಂದ ರೊಟ್ಟಿ ಬಡಿಯುತ್ತಲೇ ಕೇಳಿದರು. "ಯಾವ ಹೆಜ್ಜಿ ಅಳದಿಯೋ?"

"ಕಾಕಾರದ. ಇಲ್ಲೇ, ಅಂಗಳದಾಗ."

"ಅಲ್ಲೋ ಶಾಣ್ಯಾ, ಅವರು ಆವಾಗ ಹಿಂಗ ಕುಂಟತಿದ್ರೇನು?"

ಯುದ್ಧ ಮುಗಿಯುವ ಹೊತ್ತಿಗೆ ಕಾಕಾ ದೋಣಿಯ ಏಣಿಯಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದರು. ಅದಕ್ಕೇ ನೌಕರಿ ಹೋದದ್ದು. ಆ ಕುಂಟು ಕಾಲನ್ನು ಹತ್ತು ಸಲ ನಡೆಸಿ ಸರಾಸರಿ ತೆಗೆದಿದ್ದೆ ನಾನು! ಮಂಚಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹಳೆಯ ಹೆಜ್ಜೆ ಸರಿಯಾಗಿ ಎರಡು ಅಡಿ. ಕಾಕಾರ ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. ನಾಲ್ಕು ತಿಂಗಳ ಕೆಲಸವನ್ನು ಒಲೆಗೆ ಕೊಟ್ಟು ಮೊದಲಿನಿಂದ ಶುರು ಮಾಡಿದೆ. ಈ ಸಲ ಹದಿನೇಳೂವರೆ ಇಂಚು.

ಡಿಸೆಂಬರಿನಲ್ಲಿ ಮುಗಿಯಿತು. ತೋಪಿನ ನಳಿಗೆ ಛತ್ರಿಯ ಕಡ್ಡಿ. ಸುತ್ತಲಿನ ಕಂಬಿ ಗುಂಡುಸೂಜಿ ಮತ್ತು ಫ್ಯೂಸ್ ತಂತಿ. ರಾಯಚೂರಿನ ಬಜಾರಿನಲ್ಲಿ ತಗಡಿನ ಕೆಲಸ ಮಾಡುವ ಚಾಚಾ ಒಬ್ಬರು ಅದಕ್ಕೆ ಬೆಸುಗೆ ಹಾಕಿಕೊಟ್ಟರು. ಮೇಲಿನ ಹೊದಿಕೆ ಎತ್ತಿದರೆ ಒಳಗೆ ಅಡುಗೆ ಕೋಣೆ, ಒಲೆ, ಕೊಕ್ಕೆಗೆ ತೂಗುಬಿಟ್ಟ ಮಗ್ಗುಗಳು. ಕಾಕಾ ಬಗ್ಗಿ ಆ ಮಗ್ಗುಗಳನ್ನು ಒಂದೊಂದಾಗಿ ಎಣಿಸಿದರು.

ಮರುತಿಂಗಳು, ಜನವರಿಯಲ್ಲಿ, ರಾಯಚೂರಿನ ಒಂದು ಸಭಾಭವನದಲ್ಲಿ ಹವ್ಯಾಸಿಗಳ ಕರಕುಶಲ ಪ್ರದರ್ಶನ ಇತ್ತು, ಎರಡು ದಿನ. ಊರಿನವರು ದೊಡ್ಡವರ ಮಾತನ್ನು ನಂಬುತ್ತಾರೆ ಎಂದು ಅಲ್ಲಿ ಇಟ್ಟೆ. ಶನಿವಾರ ಬೆಳಿಗ್ಗೆ ತೀರ್ಪುಗಾರರು ಬಂದರು. ಸಫಾರಿ ಸೂಟಿನ ಒಬ್ಬರು ಬಗ್ಗಿ ನೋಡಿ, "ಕೆಲಸ ಭಾಳ ಛಲೋ ಅದ. ಡ್ರಾಯಿಂಗ್ ಎಲ್ಲದ?" ಎಂದರು.

"ಡ್ರಾಯಿಂಗ್ ಇಲ್ರಿ. ಅಳತಿ ಎಲ್ಲಾ ಈ ವಹಿಯಾಗ ಅವ."

"ಅಳತಿ ಎಲ್ಲಿಂದ ತಂದಿ?"

"ನಮ್ಮ ಕಾಕಾರ ಹೆಜ್ಜಿಯಿಂದ್ರಿ. ಅವರು ಇದರ ಮ್ಯಾಲ ಅಡಿಗಿ ಮಾಡ್ತಿದ್ರು."

ಅವರು ಉಳಿದ ಇಬ್ಬರ ಮುಖ ನೋಡಿದರು. ಮೂವರೂ ನಕ್ಕರು. ನಾನು ದಿನಚರಿ ತೆರೆದು ಹಿಡಿದೆ. ಅವರು ಒಂದು ಪುಟವನ್ನೂ ಓದಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ದೋಣಿಯನ್ನು ಆಟಿಕೆಗಳ ಮೇಜಿಗೆ ಸಾಗಿಸಿ, ಬಟ್ಟೆ ಗೊಂಬೆ ಮತ್ತು ಮಣ್ಣಿನ ಎತ್ತುಗಳ ನಡುವೆ ಇಟ್ಟಿದ್ದರು. ನಾನು ಬರೆದಿದ್ದ ಚೀಟಿ ತೆಗೆದು ಬೇರೆ ಚೀಟಿ ಅಂಟಿಸಿದ್ದರು: "ದೋಣಿ (ಕಾಲ್ಪನಿಕ). ದ್ವಿತೀಯ ಬಹುಮಾನ."

ವ್ಯವಸ್ಥಾಪಕರನ್ನು ಹುಡುಕಿ ಹಿಡಿದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಬಹುಮಾನ ಬಂದದಲ್ಲಪ್ಪ, ಇನ್ನೇನ್ ಬೇಕು? ಒಂದು ಶಬ್ದಕ್ಕ ಯಾಕ ಇಷ್ಟು ಕುದೀತಿ?"

ಕುದಿಯದೆ ಏನು ಮಾಡಲಿ! ಕಾಲು ಮುರಿದುಕೊಂಡ ಮನುಷ್ಯನ ಯುದ್ಧವನ್ನು ಊಟದ ಬಿಡುವಿನಲ್ಲಿ ಕಾಲ್ಪನಿಕ ಮಾಡಿಬಿಟ್ಟಿದ್ದರು. ಮೂವರಲ್ಲಿ ಒಬ್ಬರಾದರೂ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಒಂದು ದಿನ ತಡೆದಿದ್ದರೆ ಮರುದಿನ ಬರುವವರಿದ್ದ ಆ ಮನುಷ್ಯನನ್ನೇ ಕೇಳಬಹುದಿತ್ತು.

ಭಾನುವಾರ ಕಾಕಾ, ಕಾಕು, ಅವರ ಜೊತೆಗೆ ಮಾವ ಬಂದರು. ಮಾವ ನೇರ ಚೀಟಿಗೇ ಹೋದರು. ಓದಿ ತಿರುಗಿ ನಿಂತರು. "ನೋಡ್ರೆಪಾ. ನಾ ಅಲ್ಲ, ಶಾಣ್ಯಾರೇ ಬರದಾರ. ಕಾಲ್ಪನಿಕ!"

ಕಾಕಾ ಚೀಟಿಯನ್ನು ಎರಡು ಸಲ ಓದಿದರು. ನನ್ನನ್ನು ಪಕ್ಕಕ್ಕೆ ಕರೆದು, "ಬಹುಮಾನ ತಗೋ. ಅದು ನಿನ್ನ ಕೈಗೆಲಸಕ್ಕ ಕೊಟ್ಟಿದ್ದು. ನಂದು ಇದ್ದದ್ದೇ," ಎಂದರು. ಅವರ ಆ ಸಮಾಧಾನಕ್ಕೆ ನನಗೆ ಎಲ್ಲರಿಗಿಂತ ಅವರ ಮೇಲೇ ಹೆಚ್ಚು ಸಿಟ್ಟು ಬಂತು.

ನನ್ನ ಹೆಸರು ಕೂಗಿದಾಗ ವೇದಿಕೆ ಹತ್ತಿದೆ. ಮುಖ್ಯ ಅತಿಥಿಗಳು ಬೆಳ್ಳಿ ಬಣ್ಣದ ಕಪ್ ಮುಂದೆ ಚಾಚಿದರು. ನಾನು ಕೈ ಚಾಚಲಿಲ್ಲ. "ಮೊದಲ ಆ ಚೀಟಿ ಬದಲಿ ಮಾಡಸ್ರಿ, ಆಮ್ಯಾಲ ತಗೋತೀನಿ," ಎಂದೆ. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಯಾರೂ ಬದಲಿಸಲಿಲ್ಲ. ವ್ಯವಸ್ಥಾಪಕರು ಮೈಕು ಎಳೆದುಕೊಂಡು ಮುಂದಿನ ಹೆಸರು ಓದಿದರು. ನಾನು ಇಳಿದು ಹೋಗಿ, ಚೀಟಿ ಕಿತ್ತು ಮೇಜಿನ ಮೇಲಿಟ್ಟು, ದೋಣಿ ಎತ್ತಿಕೊಂಡು ಬಂದೆ.

ಮಾನ್ವಿ ಬಸ್ಸಿನಲ್ಲಿ ದೋಣಿ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕಾಕಾ. ಮುಂದಿನ ಸೀಟಿನಲ್ಲಿ ಮಾವ ಮತ್ತು ಕಾಕು. ಅರ್ಧ ದಾರಿಗೆ ಬಂದಾಗ ಕಾಕಾ ದೋಣಿಯ ಹೊದಿಕೆ ಎತ್ತಿ ಒಳಗೆ ಬೆರಳಿಟ್ಟರು.

"ಒಲಿ ಸುತ್ತ ಈ ಕಂಬಿ ಹಾಕೀದಲ್ಲ, ಬೋಗೋಣಿ ಜಾರಬಾರದಂತ. ಇದು ತಪ್ಪದ. ಎರಡು ಬೆರಳಲ್ಲ, ಮೂರು ಬೆರಳ ಎತ್ತರ ಇತ್ತು."

"ಮೂರು ಸಲ ಕೇಳೀನಿ ಕಾಕಾ! ಮೂರೂ ಸಲ ಎರಡ ಅಂದೀರಿ!"

"ಅಂದಿರಬೇಕು. ಇವತ್ತ ಮಂದಿ ನಡುವ ನೋಡಿಕೋತ ನಿಂತಾಗ ನೆನಪಾತು. ಎರಡ ಬೆರಳಿದ್ರ ದೊಡ್ಡ ಅಲಿ ಬಂದಾಗ ಸಾರಿನ ಬೋಗೋಣಿ ನನ್ನ ಕಾಲ ಮ್ಯಾಲ ಇರ್ತಿತ್ತು."

ನಾನು ದಿನಚರಿ ಬಿಚ್ಚಿ ಕೆಂಪು ಶಾಯಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ನಾನು ದನಿ ಏರಿಸಿದೆ. ಆ ದಿನ ತೀರ್ಪುಗಾರರಿಗೆ, ವ್ಯವಸ್ಥಾಪಕರಿಗೆ ಹೇಳದೆ ಉಳಿದದ್ದೆಲ್ಲ ಕಾಕಾರ ಮೇಲೆ ಬಂತು. ಮುಂದಿನ ಸೀಟಿನಿಂದ ಮಾವ ಪೂರ್ತಿ ತಿರುಗಿದರು.

"ಏನಲೇ ನಿಂದು ಗದ್ದಲ? ಅಲ್ಲಿ ಅಡಿಗಿ ಮಾಡಿದಾಂವ ನೀನೋ, ಅವರೋ? ಅವರು ಮೂರ ಅಂದ್ರ ಮೂರ. ಕಿತ್ತು ಹಾಕು."

ಹೇಳಿ ಮತ್ತೆ ಮುಂದೆ ತಿರುಗಿಕೊಂಡರು. ಅವರು ಏನು ಹೇಳಿದರು ಎಂಬುದು ಅವರಿಗೇ ಗೊತ್ತಾದಂತೆ ಕಾಣಲಿಲ್ಲ. ಕಾಕು ಮಾತ್ರ ಅಣ್ಣನ ಮುಖವನ್ನೇ ನೋಡುತ್ತಿದ್ದರು. ಕಾಕಾ ಕಿಟಕಿಯ ಕಡೆ ತಿರುಗಿದ್ದರು. ನಾನು ಉಗುರಿನಿಂದ ಆ ತಂತಿಯನ್ನು ಕೀಳತೊಡಗಿದೆ. ಬೆಸುಗೆ ಗಟ್ಟಿಯಾಗಿತ್ತು, ಮಾನ್ವಿ ಬರುವವರೆಗೂ ಬಿಡಲಿಲ್ಲ.